ಎಪಿಐ ಟೆಸ್ಟ್ ಕಿಟ್ ಮತ್ತು ಮೀನಿಲ್ಲದ ತೊಟ್ಟಿಯ 40 ದಿನ

ಹೋದ ವರ್ಷ ಮೊಮ್ಮಗಳ ಹುಟ್ಟುಹಬ್ಬಕ್ಕೆ ಎರಡು ಗೋಲ್ಡ್‌ಫಿಶ್ ತಂದಿದ್ದೆ. ಅಂಗಡಿಯಲ್ಲಿ ದುಂಡನೆಯ ಗಾಜಿನ ಬೌಲ್, ಒಂದು ಹಿಡಿ ಬಣ್ಣದ ಕಲ್ಲು, ಒಂದು ಡಬ್ಬಿ ಆಹಾರ, ಕವರಿನಲ್ಲಿ ಮೀನು, ಎಲ್ಲ ಒಟ್ಟಿಗೇ ಕೊಟ್ಟರು. "ನೀರು ತುಂಬಿ, ಮೀನು ಬಿಡಿ, ಅಷ್ಟೇ ಮೇಡಂ" ಅಂದರು. ನಾವು ಹಾಗೇ ಮಾಡಿದೆವು. ನಾಲ್ಕನೇ ದಿನದಿಂದ ಮೀನುಗಳು ನೀರಿನ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿದವು. ಹಸಿವು ಅಂದುಕೊಂಡು ಇನ್ನಷ್ಟು ಆಹಾರ ಹಾಕಿದೆವು. ಒಂಬತ್ತನೇ ದಿನ ಬೆಳಿಗ್ಗೆ ಎರಡೂ ತೇಲುತ್ತಿದ್ದವು.

ಪುಟ್ಟಿ ಅಳಲಿಲ್ಲ. ಬೌಲಿನ ಮುಂದೆ ಕೂತು ಒಂದೇ ಪ್ರಶ್ನೆ ಕೇಳಿದಳು. "ಅಜ್ಜಿ, ನೀರು ಕ್ಲೀನಾಗೇ ಇತ್ತಲ್ವಾ?"

ಆ ಪ್ರಶ್ನೆ ನನಗೆ ತುಂಬಾ ದಿನ ಚುಚ್ಚಿತು. ನಾನು 31 ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂತ್ರದಲ್ಲಿ ಸಕ್ಕರೆ ನೋಡಲು ಬೆನೆಡಿಕ್ಟ್ ದ್ರಾವಣ ಹಾಕಿ ಕಾಯಿಸುತ್ತಿದ್ದೆವು. ನೀಲಿ ಉಳಿದರೆ ಸಕ್ಕರೆ ಇಲ್ಲ. ಇದ್ದರೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ನೋಡಲು ತಿಳಿಯಾಗಿದ್ದ ಎಷ್ಟೋ ಸ್ಯಾಂಪಲ್ ನನ್ನ ಕಣ್ಣೆದುರೇ ಇಟ್ಟಿಗೆ ಕೆಂಪಿಗೆ ತಿರುಗಿವೆ. ಅಂಥ ನಾನೇ ಮೀನಿನ ನೀರನ್ನು ಬರೀ ಕಣ್ಣಲ್ಲಿ ನೋಡಿ ಚೆನ್ನಾಗಿದೆ ಅಂದುಕೊಂಡೆನಲ್ಲ ಅಂತ ಸಂಕಟವಾಯಿತು.

ಅದಕ್ಕೇ ಈ ಸಲ ಮೊದಲು ಕೊಂಡದ್ದು ಟೆಸ್ಟ್ ಕಿಟ್. ಎಪಿಐ ಕಂಪನಿಯ ಫ್ರೆಶ್‌ವಾಟರ್ ಮಾಸ್ಟರ್ ಟೆಸ್ಟ್ ಕಿಟ್. ಮೀನು ಬಂದದ್ದು ಅದಾದ ಮೇಲೆ, ತೊಟ್ಟಿಗೆ ನೀರು ತುಂಬಿ 40ನೇ ದಿನ. ಆ 40 ದಿನ ಈ ಕಿಟ್ ನಮಗೆ ಏನೇನು ತೋರಿಸಿತು, ಅದನ್ನು ಹೇಗೆ ಬಳಸಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲ ಸಲ ಮನೆಯಲ್ಲಿ ಅಕ್ವೇರಿಯಂ ಇಡುವವರಿಗೆ ಉಪಯೋಗ ಆಗಲಿ ಅಂತ.

ಮೀನುಗಳು ಯಾಕೆ ಸತ್ತವು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಮೀನು ಕಿವಿರಿನ ಮೂಲಕವೇ ಅಮೋನಿಯಾ ಹೊರಗೆ ಬಿಡುತ್ತದೆ. ತಿನ್ನದೇ ಉಳಿದ ಆಹಾರ ಕೊಳೆತರೂ ಅಮೋನಿಯಾ. ಕೆರೆಯಲ್ಲೋ ಹೊಳೆಯಲ್ಲೋ ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಇರುತ್ತವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ ಕಿವಿರನ್ನು ಸುಡುತ್ತದೆ. ನೈಟ್ರೈಟ್ ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ನನ್ನು ಮೆಥೆಮೊಗ್ಲೋಬಿನ್ ಮಾಡಿಬಿಡುತ್ತದೆ. ಅದು ಆಮ್ಲಜನಕ ಹೊರುವುದಿಲ್ಲ, ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಮನುಷ್ಯರಲ್ಲೂ ಇದೇ ತೊಂದರೆ ಆಗುವುದುಂಟು, ಲ್ಯಾಬಿನವರಿಗೆ ಗೊತ್ತಿರುವ ವಿಷಯ. ನಮ್ಮ ಮೀನು ಬಾಯಿ ತೆರೆಯುತ್ತಿದ್ದದ್ದು ಹಸಿವಿಗಲ್ಲ, ಉಸಿರಿಗೆ. ಕೊನೆಯದಾಗಿ ಉಳಿಯುವ ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ. ಆಗಾಗ ಸ್ವಲ್ಪ ನೀರು ಬದಲಾಯಿಸಿದರೆ ಹತೋಟಿಯಲ್ಲಿ ಇರುತ್ತದೆ.

ಹೊಸ ತೊಟ್ಟಿಯಲ್ಲಿ ಈ ಎರಡೂ ಗುಂಪು ಸಾಕಷ್ಟು ಇರುವುದಿಲ್ಲ. ಬೆಳೆಸಬೇಕು. ಬೆಳೆಸಲು ಅವಕ್ಕೆ ಅಮೋನಿಯಾ ಕೊಡಬೇಕು. ತೊಟ್ಟಿಗೆ ಮೀನು ಹಾಕಿಕೊಂಡೇ ಬೆಳೆಸಿದರೆ ಅಷ್ಟೂ ದಿನ ಮೀನು ವಿಷದಲ್ಲಿ ಈಜಬೇಕಾಗುತ್ತದೆ. ಮೀನಿಲ್ಲದೆ ನಾವೇ ಅಳೆದು ಅಮೋನಿಯಾ ಹಾಕಿದರೆ ಯಾರಿಗೂ ನೋವಿಲ್ಲ. ಸೈಕ್ಲಿಂಗ್ ಅನ್ನುವುದು ಇದನ್ನೇ.

ತೊಟ್ಟಿ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ಲೆಕ್ಕಕ್ಕೆ ಸುಮಾರು 57 ಲೀಟರ್. ಕೆಳಗೆ ಮರಳು, ಮೇಲೆ ಎರಡು ಇಂಚು ಖಾಲಿ ಬಿಟ್ಟರೆ ಸುಮಾರು 45 ಲೀಟರ್ ನೀರು ಹಿಡಿಯುತ್ತದೆ. ಏರ್ ಪಂಪಿನಿಂದ ನಡೆಯುವ ಎರಡು ಸ್ಪಂಜ್ ಫಿಲ್ಟರ್ ಹಾಕಿದೆ. ಬ್ಯಾಕ್ಟೀರಿಯಾ ಇರುವುದು ನೀರಿನಲ್ಲಿ ಕಡಿಮೆ, ಸ್ಪಂಜಿನ ಮೈಮೇಲೆ, ಮರಳಿನ ಮೇಲೆ ಜಾಸ್ತಿ. ಅದಕ್ಕೇ ಸ್ಪಂಜನ್ನು ನಲ್ಲಿ ಕೆಳಗೆ ಇಟ್ಟು ತೊಳೆಯಬಾರದು. ನಲ್ಲಿ ನೀರಿನ ಕ್ಲೋರಿನ್ ಅವನ್ನು ಕೊಲ್ಲುತ್ತದೆ. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಿ ತೊಳೆಯಬೇಕು. ಜೂನ್ ತಿಂಗಳು, ಮೈಸೂರಿನಲ್ಲಿ ಮಳೆ ಶುರುವಾಗಿತ್ತು. ನೀರು ತಣ್ಣಗಾದರೆ ಬೆಳವಣಿಗೆ ನಿಧಾನ ಅಂತ ಒಂದು ಹೀಟರ್ ಹಾಕಿ 27 ಡಿಗ್ರಿಗೆ ಇಟ್ಟೆ. ಗಾಜು, ಸ್ಟ್ಯಾಂಡ್, ಮುಚ್ಚಳದ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಗೋಡೆಗೆ ಒರಗಿಸದೆ, ಬಿಸಿಲು ನೇರ ಬೀಳದ ಕಡೆ, ಸಮತಟ್ಟಾಗಿ ಇಡಿ. ಅಷ್ಟು ಸಾಕು.

ಅಮೋನಿಯಾಕ್ಕೆ ಅಮೋನಿಯಂ ಕ್ಲೋರೈಡ್ ಬಳಸಿದೆ. ಕೆಮಿಕಲ್ ಅಂಗಡಿಯಲ್ಲಿ ಲ್ಯಾಬ್ ಗ್ರೇಡಿನದು ಸಿಗುತ್ತದೆ, ಬಿಳಿ ಪುಡಿ. ನಮ್ಮ ಮನೆಯ ತಕ್ಕಡಿ ಗ್ರಾಂ ಲೆಕ್ಕಕ್ಕೆ ಸರಿ ಬರುವುದಿಲ್ಲ. ಹಾಗಾಗಿ ಪರಿಚಯದ ಅಕ್ಕಸಾಲಿಗರ ಹತ್ತಿರ ಹೋಗಿ 10 ಗ್ರಾಂ ತೂಗಿಸಿಕೊಂಡೆ. ಅವರು ಬೆರಳಲ್ಲಿ ಸ್ವಲ್ಪ ಮುಟ್ಟಿ ನೋಡಿ, "ಅಕ್ಕಾ, ಇದು ನವಸಾಗರ ಅಲ್ವಾ? ಕಲಾಯಿ ಹಾಕೋರು ಇಟ್ಟುಕೋತಾರಲ್ಲ" ಅಂದರು. ಹೌದು, ಅದೇ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವಾಗ ಬಿಳಿ ಹೊಗೆ ಏಳುತ್ತಿತ್ತಲ್ಲ, ಆ ನವಸಾಗರ. ಆದರೆ ಕಲಾಯಿಯವರ ಗಟ್ಟಿಯನ್ನು ತಂದು ತೊಟ್ಟಿಗೆ ಹಾಕಬೇಡಿ. ಅದರಲ್ಲಿ ಬೇರೆ ಲೋಹ ಸೇರಿರಬಹುದು. ಲ್ಯಾಬ್ ಗ್ರೇಡೇ ಇರಲಿ.

10 ಗ್ರಾಂ ಪುಡಿಯನ್ನು ಅರ್ಧ ಲೀಟರ್ ನೀರಿಗೆ ಕರಗಿಸಿ ಬಾಟಲಿಗೆ ತುಂಬಿ, ಮೇಲೆ ದಪ್ಪ ಅಕ್ಷರದಲ್ಲಿ 'ಮುಟ್ಟಬಾರದು' ಅಂತ ಬರೆದು ಅಟ್ಟದ ಮೇಲೆ ಇಟ್ಟೆ. ಇದರಲ್ಲಿ 14 ಎಂಎಲ್ ಸಿರಿಂಜಿನಲ್ಲಿ ಎಳೆದು 45 ಲೀಟರಿಗೆ ಹಾಕಿದರೆ ಅಮೋನಿಯಾ ಸುಮಾರು 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ ಆಗುತ್ತದೆ. ಜಾಸ್ತಿ ಹಾಕಿದರೆ ಬೇಗ ಆಗುತ್ತದೆ ಅಂತ ಅನಿಸಬಹುದು. ಹಾಗಿಲ್ಲ. ಅಮೋನಿಯಾ ತುಂಬಾ ಹೆಚ್ಚಾದರೆ ಬೆಳೆಯಬೇಕಾದ ಬ್ಯಾಕ್ಟೀರಿಯಾಕ್ಕೇ ಅಡ್ಡಿ. 2 ಸಾಕು.

ಈಗ ಕಿಟ್. ಡಬ್ಬಿಯಲ್ಲಿ ಏಳು ಬಾಟಲಿ, ಮುಚ್ಚಳವಿರುವ ನಾಲ್ಕು ಗಾಜಿನ ಟ್ಯೂಬು, ಒಂದು ಬಣ್ಣದ ಕಾರ್ಡು. ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಅಂತ ನೋಡಲು ಎರಡು ಬಾಟಲಿ. ಒಂದು 6.0ಯಿಂದ 7.6ರವರೆಗೆ, ಇನ್ನೊಂದು 7.4ರಿಂದ 8.8ರವರೆಗೆ. ಅಮೋನಿಯಾಕ್ಕೆ ಎರಡು, ನೈಟ್ರೈಟಿಗೆ ಒಂದು, ನೈಟ್ರೇಟಿಗೆ ಎರಡು. 800ಕ್ಕೂ ಹೆಚ್ಚು ಟೆಸ್ಟ್ ಮಾಡಬಹುದು ಅಂತ ಕಂಪನಿ ಹೇಳುತ್ತದೆ. ಬೆಲೆ ಕಡಿಮೆ ಏನಲ್ಲ. ನಾನು ಗಾಜಿನ ತೊಟ್ಟಿಗೆ ಕೊಟ್ಟದ್ದಕ್ಕಿಂತ ಜಾಸ್ತಿಯೇ ಕೊಟ್ಟೆ. ಮಗಳು ಫೋನಿನಲ್ಲಿ, "ಅಮ್ಮ, ನೀರು ನೋಡೋಕೆ ಇಷ್ಟು ದುಡ್ಡಾ?" ಅಂದಳು. ಆದರೆ ಒಂದು ಟೆಸ್ಟಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿದರೆ ತೀರಾ ಸಣ್ಣ ಮೊತ್ತ.

ಇದಕ್ಕೂ ಮೊದಲು ನೀರಿಗೆ ಅದ್ದಿ ನೋಡುವ ಪಟ್ಟಿ ತಂದಿದ್ದೆ, ಯಾವ ಕಂಪನಿಯದು ಅನ್ನುವುದು ಬೇಡ. ಅದರಲ್ಲಿ ಅಮೋನಿಯಾದ ಚೌಕವೇ ಇರಲಿಲ್ಲ. ಕೊಳ್ಳುವಾಗ ನಾನು ಗಮನಿಸಿರಲಿಲ್ಲ. ಹೊಸ ತೊಟ್ಟಿಗೆ ಮೊದಲು ಬೇಕಾದದ್ದೇ ಅಮೋನಿಯಾ ಟೆಸ್ಟ್. ಪಟ್ಟಿ ಕೊಳ್ಳುವುದಾದರೆ ಡಬ್ಬಿಯ ಮೇಲೆ ಅದು ಇದೆಯಾ ಅಂತ ಓದಿ ನೋಡಿ.

ಹನಿ ಹಾಕಿ ನೋಡುವ ಕೆಲಸ ನನಗೆ ಕೈಗೆ ಹತ್ತಿದ್ದು. ಆದರೂ ಕಿಟ್ಟಿನ ಕಾಗದವನ್ನು ಎರಡು ಸಲ ಓದಿದೆ. ಟ್ಯೂಬನ್ನು ತೊಟ್ಟಿಯ ನೀರಿನಲ್ಲೇ ಒಂದು ಸಲ ತೊಳೆದು, 5 ಎಂಎಲ್ ಗೆರೆಯವರೆಗೆ ತುಂಬಬೇಕು. ನೀರಿನ ಮೇಲ್ಭಾಗ ಗಾಜಿನ ಅಂಚಿನಲ್ಲಿ ಸ್ವಲ್ಪ ಏರಿ ನಡುವೆ ತಗ್ಗಾಗಿ ಕಾಣುತ್ತದೆ. ಆ ತಗ್ಗು ಗೆರೆಗೆ ಕೂರಬೇಕು, ಅಂಚಲ್ಲ. ಟ್ಯೂಬನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಬಾಟಲಿಯನ್ನು ಓರೆ ಮಾಡದೆ ಪೂರ್ತಿ ತಲೆಕೆಳಗಾಗಿ ನೇರ ಹಿಡಿಯಬೇಕು. ಓರೆ ಹಿಡಿದರೆ ಹನಿ ಸಣ್ಣದು ದೊಡ್ಡದು ಆಗುತ್ತದೆ. ಎಂಟು ಹನಿ ಅಂದರೆ ಎಂಟೂ ಒಂದೇ ಗಾತ್ರ ಇರಬೇಕಲ್ಲ. ಬೆರಳಿಟ್ಟು ಟ್ಯೂಬ್ ಮುಚ್ಚಬೇಡಿ. ಮುಚ್ಚಳ ಕೊಟ್ಟಿದ್ದಾರೆ. ಕೆಲವು ಬಾಟಲಿಗಳಲ್ಲಿ ಚರ್ಮಕ್ಕೆ, ಕಣ್ಣಿಗೆ ಆಗದ ರಾಸಾಯನಿಕ ಇದೆ. ಟ್ಯೂಬಿನಲ್ಲಿ ಉಳಿದದ್ದನ್ನು ತೊಟ್ಟಿಗೆ ವಾಪಸ್ ಸುರಿಯಲೇಬೇಡಿ.

ಅಮೋನಿಯಾಕ್ಕೆ ಮೊದಲ ಬಾಟಲಿಯಿಂದ 8 ಹನಿ, ಎರಡನೆಯದರಿಂದ 8 ಹನಿ, ಅಲ್ಲಾಡಿಸಿ 5 ನಿಮಿಷ ಕಾಯಬೇಕು. ಹಳದಿ ಅಂದರೆ ಸೊನ್ನೆ. ಹಸಿರು ಹೆಚ್ಚಿದಷ್ಟೂ ಅಮೋನಿಯಾ ಜಾಸ್ತಿ. ನೈಟ್ರೈಟಿಗೆ 5 ಹನಿ, 5 ನಿಮಿಷ. ಆಕಾಶ ನೀಲಿ ಅಂದರೆ ಸೊನ್ನೆ, ನೇರಳೆ ಅಂದರೆ ಇದೆ. ನೈಟ್ರೇಟಿನದು ಸ್ವಲ್ಪ ಕಷ್ಟದ ಕೆಲಸ. ಮೊದಲ ಬಾಟಲಿಯ 10 ಹನಿ ಹಾಕಿ ಟ್ಯೂಬನ್ನು ಕೆಲವು ಸಲ ತಲೆಕೆಳಗೆ ಮಾಡಬೇಕು. ಎರಡನೇ ಬಾಟಲಿಯನ್ನು 30 ಸೆಕೆಂಡ್ ಜೋರಾಗಿ ಕುಲುಕಿ 10 ಹನಿ ಹಾಕಿ, ಟ್ಯೂಬನ್ನು ಪೂರ್ತಿ ಒಂದು ನಿಮಿಷ ಕುಲುಕಿ, ಆಮೇಲೆ 5 ನಿಮಿಷ. ಈ ಎರಡನೇ ಬಾಟಲಿಯಲ್ಲಿ ತಳಕ್ಕೆ ಕೂರುವ ಅಂಶ ಇರುತ್ತದೆ. ಸರಿಯಾಗಿ ಕುಲುಕದಿದ್ದರೆ ಅದು ಹನಿಯಲ್ಲಿ ಬರುವುದಿಲ್ಲ. ನೀರಿನಲ್ಲಿ ನೈಟ್ರೇಟ್ ತುಂಬಿದ್ದರೂ ಟ್ಯೂಬು ಹಳದಿಯಾಗೇ ಇರುತ್ತದೆ. ಲ್ಯಾಬಿನಲ್ಲಿ ಹೊಸಬರಿಗೆ ನಾನು ಹೇಳುತ್ತಿದ್ದ ಮಾತನ್ನೇ ಇಲ್ಲಿ ಹೇಳುತ್ತೇನೆ. ಗಡಿಯಾರ ನೋಡಿ ಕುಲುಕಿ, ಅಂದಾಜಿನಲ್ಲಿ ಬೇಡ.

ಬಣ್ಣ ಓದುವಾಗ ಬೆಳಕು ಮುಖ್ಯ. ನಾನು ಮೊದಲೆರಡು ದಿನ ಅಡುಗೆಮನೆಯ ಹಳದಿ ಬಲ್ಬಿನ ಕೆಳಗೆ ನೋಡಿದೆ. ಹಳದಿಯೂ ಹಸಿರಾಗಿ, ಹಸಿರೂ ಹಳದಿಯಾಗಿ ಕಂಡಿತು. ಮೂರನೇ ದಿನದಿಂದ ಬೆಳಿಗ್ಗೆ 8 ಗಂಟೆಗೆ ವೆರಾಂಡದ ಬೆಳಕಿನಲ್ಲಿ, ಟ್ಯೂಬನ್ನು ಕಾರ್ಡಿನ ಬಿಳಿ ಭಾಗಕ್ಕೆ ತಾಗಿಸಿ ನೋಡತೊಡಗಿದೆ. ದಿನಾ ಅದೇ ಹೊತ್ತು, ಅದೇ ಜಾಗ. ಪುಟ್ಟಿ ಒಂದು ಗೆರೆಯಿಲ್ಲದ ನೋಟ್‌ಬುಕ್ಕಿನಲ್ಲಿ ಅಂಕಿ ಬರೆದು, ಪಕ್ಕದಲ್ಲಿ ಕ್ರೆಯಾನಿನಿಂದ ಆ ದಿನದ ಬಣ್ಣ ಬಳಿಯುತ್ತಿದ್ದಳು. ಆ ನೋಟ್‌ಬುಕ್ ಈಗ ನನ್ನ ಮುಂದೆ ತೆರೆದಿದೆ. ಅದನ್ನು ನೋಡಿಯೇ ಬರೆಯುತ್ತಿದ್ದೇನೆ.

ಮೊದಲ ಹನ್ನೊಂದು ಪುಟ ಒಂದೇ ಥರ. ಅಮೋನಿಯಾ 2, ನೈಟ್ರೈಟ್ 0. ಅಮೋನಿಯಾ 2, ನೈಟ್ರೈಟ್ 0. ಐದನೇ ದಿನ ನೀರು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಯಿತು. ಅದು ಬೇರೆ ಜಾತಿಯ ಬ್ಯಾಕ್ಟೀರಿಯಾ, ಹೊಸ ತೊಟ್ಟಿಯಲ್ಲಿ ಸಾಮಾನ್ಯ. ಏನೂ ಮಾಡದೆ ಬಿಟ್ಟೆ, ಮೂರು ದಿನದಲ್ಲಿ ತಿಳಿಯಾಯಿತು. ಪುಟ್ಟಿಗೆ ಬೇಜಾರು. "ಅಜ್ಜಿ, ಇದರಲ್ಲಿ ಏನೂ ಇಲ್ಲ. ಬರೀ ನೀರು" ಅಂದಳು.

ಯಾಕೆ ಇಷ್ಟು ನಿಧಾನ ಅಂತ ಅವಳಿಗೆ ಲ್ಯಾಬಿನ ಕಥೆ ಹೇಳಿದೆ. ನಾವು ಕಲ್ಚರ್‌ಗೆ ಹಾಕುತ್ತಿದ್ದ ಇ ಕೋಲೈ ಒಳ್ಳೆ ಆಹಾರ, ಬೆಚ್ಚಗಿನ ಜಾಗ ಸಿಕ್ಕರೆ 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಸಂಜೆ ಪ್ಲೇಟಿನಲ್ಲಿ ಎಳೆದಿಟ್ಟರೆ ಬೆಳಿಗ್ಗೆ ಬರುವಷ್ಟರಲ್ಲಿ ಚುಕ್ಕಿಚುಕ್ಕಿಯಾಗಿ ಕೂತಿರುತ್ತಿತ್ತು. ತೊಟ್ಟಿಯ ಈ ಬ್ಯಾಕ್ಟೀರಿಯಾ ಹಾಗಲ್ಲ. ಒಂದು ಎರಡಾಗಲು ಗಂಟೆಗಟ್ಟಲೆ ಬೇಕು, ಕೆಲವಕ್ಕೆ ಒಂದು ದಿನವೇ ಹಿಡಿಯುತ್ತದೆ. ಅಮೋನಿಯಾದಂಥ ಬಡ ಆಹಾರದಿಂದ ಶಕ್ತಿ ಹಿಂಡಿಕೊಳ್ಳುವ ಜೀವಿಗಳು ಅವು. ಆತುರ ಮಾಡಿದರೆ ಆಗುವುದಿಲ್ಲ. ಇನ್ನೊಂದು ವಿಷಯ ನನಗೂ ಹೊಸದು. ನಾವು ಓದುವಾಗ ನೈಟ್ರೈಟನ್ನು ನೈಟ್ರೇಟ್ ಮಾಡುವುದು ನೈಟ್ರೋಬ್ಯಾಕ್ಟರ್ ಅಂತ ಬರೆದುಕೊಂಡಿದ್ದೆವು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡುವುದು ನೈಟ್ರೋಸ್ಪೈರಾ ಥರದವು ಅಂತ 1998ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಈ ವಯಸ್ಸಿನಲ್ಲಿ ಹಳೇ ಪಾಠ ತಿದ್ದಿಕೊಳ್ಳುವುದು ನನಗೆ ಖುಷಿ ಕೊಟ್ಟಿತು.

ಹನ್ನೆರಡನೇ ದಿನ ನೈಟ್ರೈಟ್ ಟ್ಯೂಬು ಆಕಾಶ ನೀಲಿಯಿಂದ ಸ್ವಲ್ಪ ನೇರಳೆ ಕಡೆ ವಾಲಿತು. 0.25. ಪುಟ್ಟಿ ಟ್ಯೂಬನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಯಾರೋ ಬಂದಿದಾರೆ ಅಜ್ಜಿ!" ಅಂದಳು. ಕಣ್ಣಿಗೆ ಕಾಣದ ಒಂದು ಜೀವ ನಮ್ಮ ತೊಟ್ಟಿಯಲ್ಲಿ ಊಟ ಮಾಡಿದೆ ಅಂತ ಐದು ಹನಿ ದ್ರಾವಣ ನಮಗೆ ತೋರಿಸಿತ್ತು. ಈ ಕಿಟ್ ನನಗೆ ಇಷ್ಟವಾದದ್ದು ಆ ಬೆಳಿಗ್ಗೆ.

ಹದಿನೇಳನೇ ದಿನಕ್ಕೆ ಅಮೋನಿಯಾ 1ಕ್ಕೆ ಇಳಿಯಿತು. ಆಮೇಲೆ ಅಲ್ಲೇ ನಿಂತಿತು. 18ನೇ ದಿನ 1. 19, 20, 21, ಅದೇ 1. ಏನೋ ತಪ್ಪಾಗಿದೆ ಅನ್ನಿಸಿತು. ಆ ವಾರ ಒಂದು ರಾತ್ರಿ ಗಾಳಿಮಳೆಗೆ ಐದು ಗಂಟೆ ಕರೆಂಟ್ ಇರಲಿಲ್ಲ. ಏರ್ ಪಂಪ್ ನಿಂತು ಉಸಿರಾಡಲು ಗಾಳಿ ಸಿಗದೆ ಬ್ಯಾಕ್ಟೀರಿಯಾ ಸತ್ತವೇನೋ ಅಂತ ಮೊದಲು ಹೆದರಿದೆ. ಆದರೆ ನೋಟ್‌ಬುಕ್ ನೋಡಿದರೆ ಅಮೋನಿಯಾ ಕರೆಂಟ್ ಹೋಗುವುದಕ್ಕೆ ಎರಡು ದಿನ ಮೊದಲೇ ನಿಂತಿತ್ತು. ದಿನಾ ಬರೆದಿಟ್ಟದ್ದು ಹೀಗೆ ಕೆಲಸಕ್ಕೆ ಬಂತು.

22ನೇ ದಿನ ಪಿಎಚ್ ನೋಡಿದೆ. ಮೊದಲ ದಿನ 6.8 ಬಂದಿತ್ತು. ಪರವಾಗಿಲ್ಲ ಅಂದುಕೊಂಡು ಮತ್ತೆ ನೋಡಿರಲಿಲ್ಲ. ಈಗ ಟ್ಯೂಬು ಅಚ್ಚ ಹಳದಿ. ಕಾರ್ಡಿನ ಕಡೆಯ ಚೌಕ, 6.0. ಅದಕ್ಕಿಂತ ಕೆಳಗೆ ಹೋಗಿದ್ದರೂ ಈ ಕಿಟ್ಟಿನಲ್ಲಿ ಅಷ್ಟೇ ಕಾಣುತ್ತದೆ.

ತಪ್ಪು ನನ್ನದು. ತೊಟ್ಟಿಯನ್ನು ನಾನು ಪೂರ್ತಿ ಆರ್‌ಓ ನೀರಿನಿಂದ ತುಂಬಿದ್ದೆ. ಅಡುಗೆಮನೆಯ ಫಿಲ್ಟರಿನಿಂದ ಹಿಡಿದು ಹಿಡಿದು 45 ಲೀಟರ್. ನಾವು ಕುಡಿಯುವ ನೀರು, ಮೀನಿಗೂ ಒಳ್ಳೆಯದಿರುತ್ತದೆ ಅಂತ ಪ್ರೀತಿಯಿಂದಲೇ ತುಂಬಿದ್ದು. ಅಮೋನಿಯಾ ನೈಟ್ರೈಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಸಾಮಾನ್ಯ ನೀರಿನಲ್ಲಿ ಕರಗಿರುವ ಕಾರ್ಬೊನೇಟ್, ಬೈಕಾರ್ಬೊನೇಟ್ ಲವಣಗಳು ಆ ಆಮ್ಲವನ್ನು ತಡೆದುಕೊಳ್ಳುತ್ತವೆ. ಆರ್‌ಓ ಯಂತ್ರ ಅವನ್ನು ಹೆಚ್ಚುಕಡಿಮೆ ಎಲ್ಲ ತೆಗೆದುಬಿಡುತ್ತದೆ. ತಡೆಯಲು ಏನೂ ಇಲ್ಲದೆ ಪಿಎಚ್ ಕುಸಿಯಿತು. ಪಿಎಚ್ ಅಷ್ಟು ಇಳಿದರೆ ಈ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ.

ಈ ತಡೆಯುವ ಶಕ್ತಿಯನ್ನು ಅಳೆಯುವ ಟೆಸ್ಟಿಗೆ ಕೆಎಚ್ ಅನ್ನುತ್ತಾರೆ. ಮಾಸ್ಟರ್ ಕಿಟ್ಟಿನಲ್ಲಿ ಅದು ಇಲ್ಲ, ಬೇರೆ ಕೊಳ್ಳಬೇಕು. ಕೊಳ್ಳುವ ಮೊದಲೇ ಇದು ಗೊತ್ತಿರಲಿ ಅಂತ ಹೇಳುತ್ತಿದ್ದೇನೆ. ಬೆಂಗಳೂರಿನ ಬೋರ್‌ವೆಲ್ ನೀರಿನಂಥ ಗಡಸು ನೀರಿರುವವರಿಗೆ ಸಾಮಾನ್ಯವಾಗಿ ಈ ತೊಂದರೆ ಬರುವುದಿಲ್ಲ. ಆರ್‌ಓ, ಮಳೆನೀರು ಬಳಸುವವರು ಕೆಎಚ್ ನೋಡಲೇಬೇಕು. ನಾನು ತರಿಸಿಕೊಂಡೆ. ಒಂದೊಂದೇ ಹನಿ ಹಾಕುತ್ತಾ ನೀಲಿ ಬಣ್ಣ ಹಳದಿಗೆ ತಿರುಗುವವರೆಗೆ ಎಣಿಸಬೇಕು. ನಮ್ಮ ತೊಟ್ಟಿಯ ನೀರು ಮೊದಲ ಹನಿಗೇ ಹಳದಿ. ನಲ್ಲಿಯಲ್ಲಿ ಬರುವ ಕಾವೇರಿ ನೀರು ಆರನೇ ಹನಿಗೆ ಹಳದಿ. ಮೀನಿಗೆ ಬೇಕಾದ ನೀರು ನಲ್ಲಿಯಲ್ಲೇ ಇತ್ತು. ಕ್ಲೋರಿನ್ ಒಂದನ್ನು ತೆಗೆದರೆ ಸಾಕಿತ್ತು.

24ನೇ ದಿನ ಅರ್ಧಕ್ಕಿಂತ ಜಾಸ್ತಿ ನೀರು ತೆಗೆದು, ಆಂಟಿ ಕ್ಲೋರಿನ್ ಹಾಕಿದ ನಲ್ಲಿ ನೀರು ತುಂಬಿದೆ. ಮೇಲೆ ಕಾಲು ಟೀ ಚಮಚ ಅಡುಗೆ ಸೋಡಾ ಕರಗಿಸಿ ಹಾಕಿದೆ. ಮಾರನೇ ದಿನ ಪಿಎಚ್ 7.4. ಅದರ ಮಾರನೇ ದಿನ, ಅಂದರೆ 26ಕ್ಕೆ, ಅಮೋನಿಯಾ ಸೊನ್ನೆ. ಬ್ಯಾಕ್ಟೀರಿಯಾ ಸತ್ತಿರಲಿಲ್ಲ, ಕಾಯುತ್ತಿದ್ದವು. ಅವತ್ತು ಸಂಜೆ ಮತ್ತೆ 14 ಎಂಎಲ್ ಹಾಕಿದೆ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಪಿಎಚ್ ಕಡಿಮೆ ಇರುವಾಗ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅಷ್ಟು ವಿಷವಲ್ಲ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ನೂರು ಭಾಗದಲ್ಲಿ ಸುಮಾರು 0.5 ಭಾಗ ಮಾತ್ರ ವಿಷದ ರೂಪ. ಪಿಎಚ್ 8 ಆದರೆ ನೂರರಲ್ಲಿ 5 ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಂದರೆ ಹತ್ತಿರ ಹತ್ತು ಪಟ್ಟು. ಕಿಟ್ ಎರಡನ್ನೂ ಸೇರಿಸಿ ಒಂದೇ ಅಂಕಿ ತೋರಿಸುತ್ತದೆ. ಹಾಗಾಗಿ ಮೀನಿರುವ ತೊಟ್ಟಿಯಲ್ಲಿ ಅಮೋನಿಯಾ ಇರುವಾಗ ಒಮ್ಮೆಲೇ ಸೋಡಾ ಸುರಿದು ಪಿಎಚ್ ಏರಿಸಬೇಡಿ. ನಮ್ಮದರಲ್ಲಿ ಮೀನಿರಲಿಲ್ಲ. ಆ ತಪ್ಪು ಯಾವ ಜೀವವನ್ನೂ ತೆಗೆಯಲಿಲ್ಲ ಅನ್ನುವುದೇ ನನಗೆ ದೊಡ್ಡ ಸಮಾಧಾನ.

28ನೇ ದಿನದಿಂದ ನೈಟ್ರೈಟ್ ಟ್ಯೂಬು ಹನಿ ಹಾಕಿದ ಕ್ಷಣಕ್ಕೇ ಗಾಢ ನೇರಳೆ. 5, ಕಾರ್ಡಿನ ಕೊನೆ. ಒಂದು ವಾರ ಹಾಗೇ ಇತ್ತು. ಈ ಹಂತದಲ್ಲೇ ಬಹಳ ಜನ ಸಾಕು ಅಂತ ಕೈಬಿಡುತ್ತಾರಂತೆ, ನನಗೆ ಅದು ಅರ್ಥವಾಗುತ್ತದೆ. ಎರಡನೇ ಗುಂಪು ಮೊದಲನೆಯದಕ್ಕಿಂತ ತಡವಾಗಿ ಬರುತ್ತದೆ. ಇನ್ನೊಂದು ಮಾತು, ನೈಟ್ರೈಟ್ ಹೀಗೆ ಜಾಸ್ತಿ ಇರುವಾಗ ನೈಟ್ರೇಟ್ ಟೆಸ್ಟನ್ನು ನಂಬಬೇಡಿ. ಆ ಟೆಸ್ಟ್ ಒಳಗೊಳಗೇ ನೈಟ್ರೇಟನ್ನು ನೈಟ್ರೈಟಾಗಿ ಬದಲಾಯಿಸಿಯೇ ಬಣ್ಣ ತೋರಿಸುವುದು. ಮೊದಲೇ ಇರುವ ನೈಟ್ರೈಟ್ ಕೂಡ ಅದರಲ್ಲಿ ಸೇರಿಕೊಂಡು ಕೆಂಪು ಕಾಣಿಸುತ್ತದೆ. ಆ ವಾರ ನಾನು ನೈಟ್ರೇಟ್ ಹನಿಗಳನ್ನು ಉಳಿಸಿದೆ.

35ನೇ ದಿನ, ಶನಿವಾರ. ಪುಟ್ಟಿ ಶಾಲೆಗೆ ಹೊರಡುವ ಆತುರದಲ್ಲಿದ್ದಳು. ಐದು ಹನಿ ಹಾಕಿ ಟ್ಯೂಬನ್ನು ಕಟ್ಟೆಯ ಮೇಲಿಟ್ಟೆ. ನೇರಳೆ ಬರಲಿಲ್ಲ. ಐದು ನಿಮಿಷ ಕಾದೆವು. ಆಕಾಶ ನೀಲಿ. ನಂಬಿಕೆ ಬರದೆ ಇನ್ನೊಂದು ಟ್ಯೂಬು ತೊಳೆದು ಮತ್ತೆ ಹಾಕಿದೆ. ಮತ್ತೆ ನೀಲಿ. ಅವಳು ಒಂದು ಕಾಲಿಗೆ ಶೂ ಹಾಕಿಕೊಂಡೇ ನೋಟ್‌ಬುಕ್ಕಿನಲ್ಲಿ ನೀಲಿ ಬಳಿದಳು. ಪುಟ ತುಂಬಾ ಬಳಿದಿದ್ದಾಳೆ.

ಒಂದು ಸಲ ಸೊನ್ನೆ ಬಂದರೆ ಸಾಲದು. ಅವತ್ತು ಸಂಜೆ ಮತ್ತೆ 2 ಪಿಪಿಎಂ ಅಮೋನಿಯಾ ಹಾಕಿ 24 ಗಂಟೆ ಬಿಟ್ಟು ನೋಡಿದೆ. ಅಮೋನಿಯಾ 0, ನೈಟ್ರೈಟ್ 0. ಹೀಗೆ ಒಟ್ಟು ಮೂರು ದಿನ ಮಾಡಿದೆ, ಮೂರೂ ದಿನ ಸೊನ್ನೆ. ಲ್ಯಾಬಿನಲ್ಲಿ ಒಂದು ಸಲದ ರಿಪೋರ್ಟಿಗಿಂತ ಮರುಪರೀಕ್ಷೆಗೆ ಬೆಲೆ ಜಾಸ್ತಿ, ಇಲ್ಲೂ ಹಾಗೇ. 39ನೇ ದಿನ ನೈಟ್ರೇಟ್ 20 ಮತ್ತು 40ರ ನಡುವೆ ಕಂಡಿತು. ನಾಲ್ಕರಲ್ಲಿ ಮೂರು ಪಾಲು ನೀರು ಬದಲಾಯಿಸಿದ ಮೇಲೆ 10ಕ್ಕೆ ಇಳಿಯಿತು.

40ನೇ ದಿನ ಆರು ಝೀಬ್ರಾ ಡೇನಿಯೋ ತಂದೆವು. ಗೋಲ್ಡ್‌ಫಿಶ್ ಬೇಡ ಅಂದೆ. ಅವು ದೊಡ್ಡದಾಗಿ ಬೆಳೆಯುತ್ತವೆ, 45 ಲೀಟರ್ ಅವಕ್ಕೆ ಸಾಲುವುದಿಲ್ಲ. ಡೇನಿಯೋ ನಮ್ಮ ದೇಶದ ಹೊಳೆ, ಗದ್ದೆ ನೀರಿನಲ್ಲೂ ಸಿಗುವ ಮೀನು. ಮೈಮೇಲೆ ಉದ್ದುದ್ದ ನೀಲಿ ಪಟ್ಟೆ. ಪ್ರಪಂಚದ ಎಷ್ಟೋ ಸಂಶೋಧನಾ ಲ್ಯಾಬುಗಳಲ್ಲಿ ಇದೇ ಮೀನನ್ನು ಸಾಕುತ್ತಾರೆ. ಮೊಟ್ಟೆಯೊಳಗಿನ ಮರಿ ಗಾಜಿನ ಹಾಗೆ ಪಾರದರ್ಶಕ, ಹೃದಯ ಬಡಿಯುವುದು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಾಣುತ್ತದೆ. ನನಗೆ ಅವನ್ನು ಆರಿಸಲು ಅದೂ ಒಂದು ಕಾರಣ. ಕವರನ್ನು ಕಾಲು ಗಂಟೆ ತೊಟ್ಟಿಯ ನೀರಿನ ಮೇಲೆ ತೇಲಿಸಿ, ಆಮೇಲೆ ಸ್ವಲ್ಪ ಸ್ವಲ್ಪ ತೊಟ್ಟಿಯ ನೀರು ಕವರಿಗೆ ಸೇರಿಸಿ, ಬಲೆಯಲ್ಲಿ ಹಿಡಿದು ಬಿಟ್ಟೆವು. ಅಂಗಡಿಯ ನೀರು ತೊಟ್ಟಿಗೆ ಹಾಕಲಿಲ್ಲ. ಮೊದಲ ವಾರ ದಿನಾ ಟೆಸ್ಟ್ ಮಾಡಿದೆ. ಅಮೋನಿಯಾ ಒಂದು ದಿನವೂ ಹಳದಿ ಬಿಟ್ಟು ಕದಲಲಿಲ್ಲ.

ಈ ಕಿಟ್ ಎಲ್ಲರಿಗೂ ಬೇಕಾ ಅಂತ ಕೇಳಿದರೆ, ಹೊಸ ತೊಟ್ಟಿ ಇಡುವವರಿಗೆ ಬೇಕು ಅಂತಲೇ ಹೇಳುತ್ತೇನೆ. ಫಿಲ್ಟರಿಗೆ, ದೀಪಕ್ಕೆ, ಅಲಂಕಾರದ ಕಲ್ಲಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಕಡಿಮೆ ಮಾಡಿ ಇದನ್ನು ಕೊಳ್ಳಿ. ಪೂರ್ತಿ ಕಿಟ್ ಭಾರವಾದರೆ ಅಮೋನಿಯಾ, ನೈಟ್ರೈಟ್ ಎರಡು ಬಿಡಿಯಾಗಿಯೂ ಸಿಗುತ್ತವೆ, ಆ ಎರಡನ್ನಾದರೂ ತೆಗೆದುಕೊಳ್ಳಿ. ಅಕ್ಕಪಕ್ಕದ ಇಬ್ಬರು ಮೂವರು ಸೇರಿ ಒಂದು ಕಿಟ್ ಹಂಚಿಕೊಂಡರೂ ನಡೆಯುತ್ತದೆ. ಹನಿಗಳಿಗೆ ಬರ ಇಲ್ಲ. ಹಳದಿಗೂ ಹಸಿರಿಗೂ, ನೀಲಿಗೂ ನೇರಳೆಗೂ ಇರುವ ವ್ಯತ್ಯಾಸ ಕಣ್ಣಿಗೆ ಸರಿಯಾಗಿ ತಿಳಿಯದವರು ಮಾತ್ರ ಮನೆಯ ಇನ್ನೊಬ್ಬರಿಂದ ಓದಿಸಿಕೊಳ್ಳಬೇಕು. ಕೊಳ್ಳುವಾಗ ಬಾಟಲಿಯ ಮೇಲಿನ ಲಾಟ್ ನಂಬರ್ ನೋಡಿ. ಅದರ ಕೊನೆಯ ನಾಲ್ಕು ಅಂಕಿ ತಯಾರಾದ ತಿಂಗಳು ಮತ್ತು ವರ್ಷ. ಅಂಗಡಿಯ ಶೆಲ್ಫಿನಲ್ಲಿ ಹಳೆಯದಾಗಿ ಕೂತದ್ದನ್ನು ತರಬೇಡಿ.

ಈಗ ವಾರಕ್ಕೊಂದು ಸಲ, ಭಾನುವಾರ ಬೆಳಿಗ್ಗೆ ಟೆಸ್ಟ್. ನೈಟ್ರೇಟ್ ನೋಡಿ ಕಾಲು ಭಾಗ ನೀರು ಬದಲಾಯಿಸುತ್ತೇವೆ. ಹನಿ ಹಾಕುವುದು ನಾನು. ಎರಡನೇ ಬಾಟಲಿ ಕುಲುಕುವ ಕೆಲಸ ಪುಟ್ಟಿಯದು. ಮುಚ್ಚಳ ಬಿಗಿಯಾಗಿದೆಯಾ ಅಂತ ನಾನು ನೋಡಿ ಕೊಡುತ್ತೇನೆ. ಅವಳು ಗೋಡೆ ಗಡಿಯಾರದ ಕೆಳಗೆ ನಿಂತು ಒಂದರಿಂದ ಮೂವತ್ತರವರೆಗೆ ಜೋರಾಗಿ ಎಣಿಸುತ್ತಾಳೆ. ಹೋದ ಭಾನುವಾರ ಇಪ್ಪತ್ತೆಂಟಕ್ಕೆ ನಿಲ್ಲಿಸಿ, ನನ್ನ ಮುಖ ನೋಡಿ, ಮತ್ತೆ ಒಂದರಿಂದ ಶುರು ಮಾಡಿದಳು.